ಆಂಬುಲೆನ್ಸ್ ಬಾಡಿಗೆಗೆ ಸರಿಯಾದ ರಶೀದಿ ಕೊಡಿಸಿ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ ಜಿಲ್ಲೆ

ಪ್ರತಿಗಳು: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಶಿವಮೊಗ್ಗ ಮತ್ತು ಸಾಗರದ ಸಾರಿಗೆ ಅಧಿಕಾರಿಗಳು, ಮತ್ತು ಮಲೆನಾಡಿನ ಎಲ್ಲ ನಾಗರಿಕರ ಗಮನಕ್ಕೆ

ವಿಷಯ: ಖಾಸಗಿ ಆಂಬುಲೆನ್ಸ್‌ಗಳು ರೋಗಿಯ ಕಡೆಯವರಿಗೆ ವಿವರವುಳ್ಳ ರಶೀದಿ ಕೊಡುವಂತೆ ಮಾಡುವ ಬಗ್ಗೆ ಮತ್ತು ಆರೋಗ್ಯ ವಿಮೆಯಲ್ಲಿ ಆ ವೆಚ್ಚ ಮರುಪಾವತಿಯಾಗಲು ಬೇಕಾದ ವ್ಯವಸ್ಥೆಯ ಬಗ್ಗೆ.

ಮಾನ್ಯರೇ,

ನಮ್ಮ ಜಿಲ್ಲೆಯಲ್ಲಿ ಕಾಯಿಲೆ ಜೋರಾದಷ್ಟೂ ಆಸ್ಪತ್ರೆಯ ದಾರಿ ಉದ್ದವಾಗುತ್ತಾ ಹೋಗುತ್ತದೆ. ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದವರು, ಹಾವು ಕಚ್ಚಿದವರು, ಎದೆನೋವೆಂದು ನಡುರಾತ್ರಿ ಎದ್ದು ಕೂತವರು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆಗೆ ಇವತ್ತಿಗೂ ತುತ್ತಾಗುತ್ತಿರುವವರು, ಇವರೆಲ್ಲ ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ಅಲ್ಲಿಯೂ ಆಗದಿದ್ದರೆ ಮಣಿಪಾಲಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಶಿವಮೊಗ್ಗದಿಂದ ಮಣಿಪಾಲಕ್ಕೆ ಸುಮಾರು 150 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 300. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದರೆ ಹುಲಿಕಲ್ ಕಡೆಯಿಂದ ಸುತ್ತಿಕೊಂಡು ಇಳಿಯಬೇಕು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ತುಮರಿ ಭಾಗದ ರೋಗಿಗಳು ಲಾಂಚಿಗಾಗಿ ದಡದಲ್ಲಿ ಕಾಯುವುದು ತಪ್ಪಿದೆ ಎಂಬುದು ದೊಡ್ಡ ಸಮಾಧಾನ. ಆದರೆ ಸೇತುವೆ ದಾಟಿದ ಮೇಲಿನ ದೂರ ಹಾಗೆಯೇ ಇದೆ. ಖಾಸಗಿ ಆಂಬುಲೆನ್ಸಿನ ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ಏರುತ್ತದೆ. ವಿಮಾ ಕಂಪನಿ ಕೊಡುವ ಹಣ ಹೆಚ್ಚಿನ ಪಾಲಿಸಿಗಳಲ್ಲಿ ಒಂದು ನಿಗದಿತ ಮೊತ್ತಕ್ಕೆ ನಿಂತುಬಿಡುತ್ತದೆ. ಆ ನಿಗದಿತ ಮೊತ್ತವೂ ನಮ್ಮ ಜನರ ಕೈಗೆ ಬರುತ್ತಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಕೆಲಸ ಮಾಡುವವನು. ಯಶಸ್ವಿನಿ ಯೋಜನೆಗೆ ಸದಸ್ಯರ ಹೆಸರು ನೋಂದಾಯಿಸುವುದು ನಮ್ಮ ಕೆಲಸಗಳಲ್ಲೊಂದು. ಅದರ ಜೊತೆಗೆ, ಬೇರೆ ವಿಮೆ ಮಾಡಿಸಿದವರೂ ಕ್ಲೇಮ್ ಅರ್ಜಿ ತುಂಬಿಸಿಕೊಳ್ಳಲು ಕಾಗದದ ಕಟ್ಟು ಹಿಡಿದು ನಮ್ಮ ಬಳಿಗೇ ಬರುತ್ತಾರೆ. ಹಾಗೆ ಬಂದ ಕಟ್ಟುಗಳಲ್ಲಿ ಆಸ್ಪತ್ರೆಯ ಬಿಲ್ಲು, ಔಷಧಿ ಚೀಟಿ, ರಕ್ತಪರೀಕ್ಷೆಯ ವರದಿ ಎಲ್ಲವೂ ಅಚ್ಚುಕಟ್ಟಾಗಿ ಇರುತ್ತವೆ. ಆಂಬುಲೆನ್ಸಿನ ಕಾಗದ ಮಾತ್ರ ಒಂದೋ ಇರುವುದಿಲ್ಲ, ಇದ್ದರೂ ಇಲ್ಲದಂತೆಯೇ ಇರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಪಾರ್ಶ್ವವಾಯು ಬಡಿದ ತಾಯಿಯನ್ನು ಮಗ ಘಾಟಿ ಇಳಿಸಿ ಕರಾವಳಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದ. ಅವನು ತಂದ ರಶೀದಿ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕ್ಯಾಶ್ ಬಿಲ್ ಪುಸ್ತಕದಿಂದ ಹರಿದ ಹಾಳೆ. ಅದರಲ್ಲಿ ಬಾಲ್‌ಪೆನ್ನಿನಿಂದ ‘ಆಂಬುಲೆನ್ಸ್ ಬಾಡಿಗೆ’ ಎಂದು ಬರೆದು, ಮುಂದೆ ಒಟ್ಟು ಮೊತ್ತ ಹಾಕಿ, ಕೆಳಗೆ ಓದಲಾಗದ ಒಂದು ಸಹಿ ಮಾಡಲಾಗಿತ್ತು. ರೋಗಿಯ ಹೆಸರಿಲ್ಲ, ಗಾಡಿಯ ನಂಬರಿಲ್ಲ, ಎಲ್ಲಿಂದ ಎಲ್ಲಿಗೆ ಎಂಬುದಿಲ್ಲ, ಮಾಲೀಕರ ವಿಳಾಸವೂ ಇಲ್ಲ. ಹಣವನ್ನು ಚಾಲಕನ ಸ್ವಂತ ಮೊಬೈಲ್ ನಂಬರಿಗೆ ಕಳಿಸಿದ್ದರಿಂದ ಫೋನ್‌ನಲ್ಲಿ ಉಳಿದದ್ದು ಒಬ್ಬ ವ್ಯಕ್ತಿಯ ಹೆಸರಷ್ಟೇ. ಅವರ ಪಾಲಿಸಿಯಲ್ಲಿ ಆಂಬುಲೆನ್ಸಿಗೆ ಇದ್ದ ಮಿತಿ 2,000 ರೂಪಾಯಿ. ‘ರಶೀದಿ ಸ್ವೀಕಾರಾರ್ಹವಲ್ಲ’ ಎಂಬ ಒಂದು ಸಾಲಿನೊಂದಿಗೆ ಅದೂ ಕಡಿತವಾಯಿತು. ಸರಿಯಾದ ಬಿಲ್ಲು ಕೇಳೋಣವೆಂದರೆ ಚಾಲಕನ ಫೋನ್ ಸಿಗಲಿಲ್ಲ. ಆ ಚಾಲಕನ ಮೇಲೆ ನನಗೆ ಸಿಟ್ಟಿಲ್ಲ. ಸುರಿಯುವ ಮಳೆಯಲ್ಲಿ, ರಾತ್ರಿ ಹೊತ್ತಿನಲ್ಲಿ ಆ ತಿರುವುಗಳನ್ನು ಇಳಿಸಿ ರೋಗಿಯನ್ನು ಜೀವಸಹಿತ ತಲುಪಿಸಿದವನು ಅವನು. ಯಾವ ನಮೂನೆಯಲ್ಲಿ ರಶೀದಿ ಕೊಡಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಡಿಕೆ ಮಂಡಿಯಲ್ಲಿ ಒಂದೇ ಒಂದು ಮೂಟೆ ಹಾಕಿದರೂ ತೂಕ, ದರ, ಹಮಾಲಿ, ಕಮಿಷನ್ ಎಲ್ಲವನ್ನೂ ಬರೆದ ಲೆಕ್ಕಪಟ್ಟಿ ಕೈಗೆ ಬರುವ ಊರಿನಲ್ಲಿ, ಸಾವಿರಾರು ರೂಪಾಯಿಯ ಆಂಬುಲೆನ್ಸ್ ಬಾಡಿಗೆಗೆ ಒಂದು ಲೆಕ್ಕಪಟ್ಟಿ ಇಲ್ಲದಿರುವುದು ಸರಿಯಲ್ಲ.

ಈ ಬಾಡಿಗೆ ಹೇಗೆ ಲೆಕ್ಕವಾಗುತ್ತದೆ ಎಂಬುದನ್ನು ಜನರೂ ತಿಳಿಯಬೇಕು. ಸಾಮಾನ್ಯವಾಗಿ ಮೊದಲ ಕೆಲವು ಕಿಲೋಮೀಟರಿಗೆ ಒಂದು ಮೂಲ ದರ, ನಂತರ ಪ್ರತಿ ಕಿಲೋಮೀಟರಿಗೆ ಇಷ್ಟು ಎಂದಿರುತ್ತದೆ. ಗಾಡಿ ಖಾಲಿ ಹಿಂದಿರುಗಬೇಕಾದ್ದರಿಂದ ಹೋಗಿ ಬರುವ ಎರಡೂ ದಾರಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಹೀಗಾಗಿ ಮಣಿಪಾಲದ 150 ಕಿಲೋಮೀಟರ್ ಬಿಲ್ಲಿನಲ್ಲಿ 300 ಆಗುತ್ತದೆ. ಅದು ಅನ್ಯಾಯವೆಂದು ನಾನು ಹೇಳುವುದಿಲ್ಲ, ಆದರೆ ಹತ್ತುವ ಮೊದಲೇ ತಿಳಿಸಿ ಬಿಲ್ಲಿನಲ್ಲಿ ಬರೆಯಬೇಕು. ಇದರ ಮೇಲೆ ಕಾಯುವ ಸಮಯ, ಜೊತೆಗೆ ಬರುವ ನರ್ಸ್ ಅಥವಾ ತಂತ್ರಜ್ಞರ ಶುಲ್ಕ, ಆಮ್ಲಜನಕ, ವೆಂಟಿಲೇಟರ್ ಸೇರುತ್ತವೆ. ಗಾಡಿಯಲ್ಲೂ ದರ್ಜೆಗಳಿವೆ. ರೋಗಿಯನ್ನು ಸಾಗಿಸಲಷ್ಟೇ ಇರುವ ಗಾಡಿ, ಜೀವ ಉಳಿಸುವ ಮೂಲ ಸೌಕರ್ಯಗಳಿರುವ ಬೇಸಿಕ್ ಲೈಫ್ ಸಪೋರ್ಟ್ ಗಾಡಿ, ವೆಂಟಿಲೇಟರ್ ಮತ್ತು ತರಬೇತಿ ಪಡೆದ ಸಿಬ್ಬಂದಿ ಇರುವ ಅಡ್ವಾನ್ಸ್‌ಡ್ ಲೈಫ್ ಸಪೋರ್ಟ್ ಗಾಡಿ ಬೇರೆಬೇರೆ ಎಂದು ಎಐಎಸ್-125 ಎಂಬ ರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ಹೊರಗೆ ಎಲ್ಲವೂ ಬಿಳಿ ಬಣ್ಣದ, ನೀಲಿ ದೀಪದ ಗಾಡಿಗಳೇ. ಯಾವ ದರ್ಜೆಯ ಗಾಡಿಗೆ ಹಣ ಕೊಟ್ಟೆವು ಎಂಬುದು ಬಿಲ್ಲಿನಲ್ಲಿ ಇಲ್ಲದಿದ್ದರೆ, ದರ ಹೆಚ್ಚಾಯಿತೋ ಸರಿಯಾಯಿತೋ ಎಂದು ಆಮೇಲೆ ಯಾರೂ ಹೇಳಲಾರರು.

ಬಿಲ್ಲಿನಲ್ಲಿ ಇರಲೇಬಾರದ ಎರಡು ಬಾಬ್ತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಂಬುಲೆನ್ಸಿನಲ್ಲಿ ರೋಗಿಯನ್ನು ಸಾಗಿಸುವ ಸೇವೆಗೆ ಜಿಎಸ್‌ಟಿ ಇಲ್ಲ. 2017ರ ಜೂನ್ 28ರ ಕೇಂದ್ರ ಅಧಿಸೂಚನೆಯಲ್ಲಿಯೇ ಈ ವಿನಾಯಿತಿ ಇದೆ. ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಿಂದಲೂ ಆಂಬುಲೆನ್ಸಿಗೆ ವಿನಾಯಿತಿ ಇದೆ. ಇವೆರಡನ್ನು ಬಿಲ್ಲಿನಲ್ಲಿ ಸೇರಿಸಿದ್ದರೆ ಕೇಳಿ ತೆಗೆಸಬೇಕು.

ಹಣ ಕೊಡಬೇಕಾಗಿಯೇ ಇಲ್ಲದ ಸಂದರ್ಭಗಳೂ ಇವೆ. 2008ರಲ್ಲಿ ಆರಂಭವಾದ 108 ಆರೋಗ್ಯ ಕವಚ ಸೇವೆ ಪೂರ್ತಿ ಉಚಿತ. ಗರ್ಭಿಣಿಯರಿಗೆ ಮತ್ತು ಕಾಯಿಲೆಬಿದ್ದ ನವಜಾತ ಶಿಶುಗಳಿಗೆ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದರೆ ಅಲ್ಲಿಗೆ, ಆಮೇಲೆ ಮನೆಗೆ, ಈ ಮೂರೂ ಪ್ರಯಾಣಗಳು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ರಸ್ತೆ ಅಪಘಾತದ ಗಾಯಾಳುಗಳಿಗೆ 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಡಿ, ಅಪಘಾತವಾದ ದಿನದಿಂದ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಇದೆ. ಅಪಘಾತದ ಪ್ರಕರಣದಲ್ಲಿ ಖಾಸಗಿ ಆಂಬುಲೆನ್ಸಿಗೆ ಹಣ ಕೊಟ್ಟಿದ್ದರೂ ಆ ರಶೀದಿಯನ್ನು ಎಸೆಯಬಾರದು; ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿಯ ಮುಂದೆ ಸಾಗಾಟದ ಖರ್ಚನ್ನೂ ಕೇಳಬಹುದು.

ಇನ್ನು ವಿಮೆಯ ವಿಚಾರಕ್ಕೆ ಬರುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆ ಹಣ ಚಿಕಿತ್ಸೆಯ ಪ್ಯಾಕೇಜ್ ಲೆಕ್ಕದಲ್ಲಿ ನೇರವಾಗಿ ಆಸ್ಪತ್ರೆಗೆ ಹೋಗುವುದರಿಂದ, ಕುಟುಂಬದವರು ತಾವೇ ಕೊಟ್ಟ ಖಾಸಗಿ ಆಂಬುಲೆನ್ಸಿನ ಬಿಲ್ಲನ್ನು ಸಲ್ಲಿಸಿ ಹಣ ಹಿಂಪಡೆಯುವ ದಾರಿ ಅಲ್ಲಿಲ್ಲ. ‘ಕಾರ್ಡ್ ಇದೆಯಲ್ಲ, ಆಮೇಲೆ ಬರುತ್ತೆ’ ಎಂದು ನಂಬಿ ಸಾಲ ಮಾಡಿ ಗಾಡಿ ಹತ್ತಿಸಿದವರನ್ನು ನಾನು ನೋಡಿದ್ದೇನೆ. ಮೆಗ್ಗಾನ್ ಇರಲಿ, ತಾಲ್ಲೂಕು ಆಸ್ಪತ್ರೆ ಇರಲಿ, ರೋಗಿಯನ್ನು ಬೇರೆಡೆಗೆ ಕಳಿಸುವಾಗ ಸರ್ಕಾರಿ ಆಂಬುಲೆನ್ಸ್ ಲಭ್ಯವಿದೆಯೇ ಎಂಬುದನ್ನು ಸಿಬ್ಬಂದಿಯೇ ಮೊದಲು ಹೇಳುವ ರೂಢಿ ಬರಬೇಕು.

ಖಾಸಗಿ ಆರೋಗ್ಯ ವಿಮೆಯಲ್ಲಿ ಆಂಬುಲೆನ್ಸ್ ವೆಚ್ಚ ಒಂದು ಪ್ರತ್ಯೇಕ ಷರತ್ತಾಗಿರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ರೂಪಿಸಿ 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುವಂತೆ ಮಾಡಿದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಈ ಮಿತಿ ಒಂದು ದಾಖಲಾತಿಗೆ 2,000 ರೂಪಾಯಿ. ಬೇರೆ ಪಾಲಿಸಿಗಳಲ್ಲಿ ಮಿತಿ ಹೆಚ್ಚಿರಬಹುದು, ಕೆಲವದರಲ್ಲಿ ಖರ್ಚಾದಷ್ಟೂ ಕೊಡುತ್ತಾರೆ. ಆದರೆ ಮೊತ್ತ ಎಷ್ಟೇ ಇರಲಿ, ಅದು ಸಿಗಬೇಕಾದರೆ ರೋಗಿ ಒಳರೋಗಿಯಾಗಿ ದಾಖಲಾಗಿರಬೇಕು, ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಇರಬೇಕು, ಆ ಚಿಕಿತ್ಸೆಯ ಕ್ಲೇಮ್ ಮಂಜೂರಾಗಿರಬೇಕು. ಮುಖ್ಯ ಕ್ಲೇಮ್ ತಿರಸ್ಕೃತವಾದರೆ ಆಂಬುಲೆನ್ಸಿನದ್ದೂ ಅದರ ಜೊತೆಗೇ ಹೋಗುತ್ತದೆ. ಬಿಡುಗಡೆಯಾದ ಮೇಲೆ ಮನೆಗೆ ಬರುವ ಪ್ರಯಾಣಕ್ಕೆ ಬಹುತೇಕ ಪಾಲಿಸಿಗಳು ಕೊಡುವುದಿಲ್ಲ. ದಾರಿಯಲ್ಲಿಯೇ ರೋಗಿ ತೀರಿಕೊಂಡರೆ ದಾಖಲಾತಿಯೇ ಆಗದ ಕಾರಣ ಈ ಷರತ್ತು ಅನ್ವಯಿಸದೆ ಹೋಗುತ್ತದೆ. ಘಾಟಿಯ ನಡುವೆ ಜೀವ ಕಳೆದುಕೊಂಡವರ ಮನೆಯವರಿಗೆ ಇದನ್ನು ವಿವರಿಸಿ ಹೇಳುವುದು ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಸಂಗತಿ. ಎರಡು ಗಂಟೆಯ ದಾರಿಯಾಚೆಗೆ ತಜ್ಞ ವೈದ್ಯರಿರುವ ಪ್ರದೇಶದ ಜನರ ಸ್ಥಿತಿಯನ್ನು ಈ ಷರತ್ತು ಬರೆದವರು ಎಣಿಸಿಲ್ಲ ಎಂದೇ ನನಗೆ ಅನಿಸುತ್ತದೆ.

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಿದ ವೆಚ್ಚ ಕೊಡುವ ಪಾಲಿಸಿಗಳೂ, ಮೊದಲ ಆಸ್ಪತ್ರೆಯಲ್ಲಿ ಆ ಚಿಕಿತ್ಸೆಗೆ ಸೌಲಭ್ಯವಿರಲಿಲ್ಲ ಎಂಬುದಕ್ಕೆ ವೈದ್ಯರ ರೆಫರಲ್ ಪತ್ರ ಕೇಳುತ್ತವೆ. ನಮ್ಮಲ್ಲಿ ಆ ಪತ್ರ ಹಲವು ಬಾರಿ ಹೊರರೋಗಿ ಚೀಟಿಯ ಹಿಂಬದಿಯಲ್ಲಿ ‘ಉನ್ನತ ಚಿಕಿತ್ಸೆಗೆ ಕಳಿಸಲಾಗಿದೆ’ ಎಂಬ ಒಂದು ಸಾಲಾಗಿರುತ್ತದೆ; ಸಮಯವೂ ಕಾರಣವೂ ಅದರಲ್ಲಿ ಇರುವುದಿಲ್ಲ. ತುರ್ತಿನಲ್ಲಿ ವೈದ್ಯರು ಪುಟಗಟ್ಟಲೆ ಬರೆಯಲಿ ಎಂದು ಯಾರೂ ಬಯಸುವುದಿಲ್ಲ. ಕಾರಣ, ಸಮಯ, ಯಾವ ದರ್ಜೆಯ ಆಂಬುಲೆನ್ಸ್ ಬೇಕು ಎಂಬ ಮೂರು ಮಾತು ಸಾಕು.

ಇನ್ನೊಂದು ತೊಡಕಿದೆ. ಅನೇಕ ಪಾಲಿಸಿಗಳ ಕೊನೆಯಲ್ಲಿ, ಕಂಪನಿ ಹಣ ಕೊಡದ 68 ವಸ್ತುಗಳ ಪಟ್ಟಿ ಇರುತ್ತದೆ. ಆಂಬುಲೆನ್ಸ್ ಸಲಕರಣೆ ಮತ್ತು ಆಸ್ಪತ್ರೆಯ ಹೊರಗೆ ಬಳಸಿದ ಆಮ್ಲಜನಕ ಸಿಲಿಂಡರ್ ಆ ಪಟ್ಟಿಯಲ್ಲಿವೆ. ಹಾಗಾಗಿ ಚಾಲಕ ಪ್ರಾಮಾಣಿಕವಾಗಿ ಆಮ್ಲಜನಕಕ್ಕೆ ಇಷ್ಟು ಎಂದು ಬೇರೆ ಬರೆದರೆ ಕಂಪನಿ ಅದನ್ನು ಕಡಿತಗೊಳಿಸುವ ಸಾಧ್ಯತೆ ಇದೆ. ಎಲ್ಲವನ್ನೂ ಒಟ್ಟು ಬಾಡಿಗೆಯೊಳಗೆ ಸೇರಿಸಿ ಬರೆಸಿಕೊಳ್ಳಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನಾನು ಹಾಗೆ ಹೇಳಲಾರೆ. ಬಿಲ್ಲು ನಿಜವಾಗಿರಬೇಕು, ಉಸಿರಾಡಲಾಗದ ರೋಗಿಗೆ ದಾರಿಯಲ್ಲಿ ಕೊಟ್ಟ ಆಮ್ಲಜನಕ ಆಂಬುಲೆನ್ಸ್ ಸೇವೆಯ ಭಾಗವೇ ಎಂದು ವಿಮಾ ಕಂಪನಿಗಳು ಒಪ್ಪಿಕೊಳ್ಳುವಂತೆ ಮಾಡುವುದು ನಿಯಂತ್ರಣ ಪ್ರಾಧಿಕಾರದ ಕೆಲಸ. ಈ ಮಾತನ್ನು ಪ್ರಾಧಿಕಾರಕ್ಕೂ ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ.

ಮಾನ್ಯರೇ, ಈಗ ತಮ್ಮಲ್ಲಿ ಕೇಳುವುದು ಇಷ್ಟು. ಆಟೋರಿಕ್ಷಾಗಳಿಗೆ ಪರ್ಮಿಟ್ ಬೇಕು, ಆಂಬುಲೆನ್ಸಿಗೆ ಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಲ್ಲಿಯೇ ಆ ವಿನಾಯಿತಿ ಇದೆ. ಜೀವ ಉಳಿಸುವ ಗಾಡಿ ಪರ್ಮಿಟ್ಟಿಗಾಗಿ ಕಾಯಬಾರದೆಂಬ ಒಳ್ಳೆಯ ಉದ್ದೇಶದಿಂದ ಕೊಟ್ಟ ಆ ವಿನಾಯಿತಿಯಿಂದಾಗಿ, ಪರ್ಮಿಟ್ಟಿನ ಜೊತೆಗೆ ಬರುವ ದರಪಟ್ಟಿಯ ಶಿಸ್ತು ಈ ಗಾಡಿಗಳಿಗೆ ತಾನಾಗಿ ಬರಲಿಲ್ಲ. ಕೊರೊನಾ ಕಾಲದಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಆಂಬುಲೆನ್ಸ್ ದರ ನ್ಯಾಯವಾಗಿರುವಂತೆ ನಿಗದಿಪಡಿಸಲು ಸೂಚಿಸಿತ್ತು. ನಮ್ಮ ರಾಜ್ಯವೂ ಆಗ ದರ ನಿಗದಿಪಡಿಸಿತು. ಮನಸ್ಸು ಮಾಡಿದರೆ ಆಗುವ ಕೆಲಸ ಇದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ದರದ ವಿಷಯ ರಾಜ್ಯ ಮಟ್ಟದಲ್ಲಿ ತೀರ್ಮಾನವಾಗಬೇಕಾದ್ದು, ಸಮಯ ಹಿಡಿಯಬಹುದು. ರಶೀದಿಯ ಕೆಲಸಕ್ಕೆ ಅಷ್ಟು ಸಮಯ ಬೇಡ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಆಸ್ಪತ್ರೆಗಳು ತಮ್ಮ ಶುಲ್ಕಗಳನ್ನು ಕಾಣುವಂತೆ ಪ್ರಕಟಿಸಬೇಕೆಂದು ಆ ಕಾಯ್ದೆ ಹೇಳುತ್ತದೆ. ಆಸ್ಪತ್ರೆಗಳ ಸ್ವಂತ ಆಂಬುಲೆನ್ಸ್ ದರವೂ ಆ ಫಲಕದಲ್ಲಿ ಕನ್ನಡದಲ್ಲಿ ಇರಲಿ, ಅದರ ಬಿಲ್ಲು ಆಸ್ಪತ್ರೆಯ ಅಂತಿಮ ಬಿಲ್ಲಿನಲ್ಲಿಯೇ ಪ್ರತ್ಯೇಕ ಸಾಲಾಗಿ ಬರಲಿ. ಆಸ್ಪತ್ರೆಯ ಗೇಟಿನ ಎದುರು ನಿಲ್ಲುವ ಖಾಸಗಿ ಮಾಲೀಕರ ಗಾಡಿಗಳ ವಿಚಾರದಲ್ಲಿ, ಫಿಟ್‌ನೆಸ್ ಪ್ರಮಾಣಪತ್ರಕ್ಕೆ ಬಂದಾಗಲೇ ಸಾರಿಗೆ ಅಧಿಕಾರಿಗಳು ಅಚ್ಚಾದ ರಶೀದಿ ಪುಸ್ತಕದ ನಮೂನೆಯನ್ನು ಕೊಟ್ಟು ತಿಳಿಹೇಳಲಿ. ಆ ನಮೂನೆಯಲ್ಲಿ ಕ್ರಮಸಂಖ್ಯೆ, ಮಾಲೀಕರ ಹೆಸರು ಮತ್ತು ಫೋನ್, ಗಾಡಿಯ ನೋಂದಣಿ ಸಂಖ್ಯೆ ಮತ್ತು ದರ್ಜೆ, ರೋಗಿಯ ಹೆಸರು, ಹೊರಟ ಮತ್ತು ತಲುಪಿದ ಸ್ಥಳ ಹಾಗೂ ಸಮಯ, ಕಿಲೋಮೀಟರ್, ದರ, ಉಳಿದ ಶುಲ್ಕಗಳ ಬಿಡಿ ವಿವರ, ಹಣ ಪಡೆದ ಬಗೆ ಮತ್ತು ಸಹಿ ಇರಬೇಕು. ಚಾಲಕರ ಮೇಲೆ ದಂಡ ಹಾಕುವುದರಿಂದ ಈ ಕೆಲಸ ಶುರುವಾಗಬಾರದು ಎಂಬುದು ನನ್ನ ವಿನಂತಿ. ಮೊದಲು ಅವರನ್ನು ಕರೆದು ಕೂರಿಸಿ ಮಾತನಾಡಿದರೆ ಹೆಚ್ಚಿನವರು ಒಪ್ಪುತ್ತಾರೆ. ಬಿಲ್ಲಿಗಾಗಿ ವಾರಗಟ್ಟಲೆ ಫೋನ್ ಮಾಡುವವರ ಕಾಟ ಅವರಿಗೂ ತಪ್ಪುತ್ತದೆ.

ಮಲೆನಾಡಿನ ನನ್ನ ಜನರಿಗೂ ಕೆಲವು ಮಾತು. ನಿಮ್ಮ ಪಾಲಿಸಿಯ ಜೊತೆ ‘ಗ್ರಾಹಕ ಮಾಹಿತಿ ಪತ್ರ’ ಎಂಬ ಕೆಲವೇ ಪುಟಗಳ ಕಾಗದ ಬರುತ್ತದೆ. ನೀವು ಕೇಳಿದರೆ ಕಂಪನಿ ಅದನ್ನು ಕನ್ನಡದಲ್ಲಿ ಕೊಡಬೇಕು. ಆಂಬುಲೆನ್ಸ್ ಮಿತಿ ಎಷ್ಟು ಎಂಬುದನ್ನು ಮೈ ಚೆನ್ನಾಗಿರುವಾಗಲೇ ಅದರಲ್ಲಿ ನೋಡಿಟ್ಟುಕೊಳ್ಳಿ. ತುರ್ತಿನಲ್ಲಿ ಗಾಡಿ ಹತ್ತುವಾಗ ರಶೀದಿಯ ಯೋಚನೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ರೋಗಿಯನ್ನು ಒಳಗೆ ಸೇರಿಸಿ ಹಣ ಕೊಡುವ ಹೊತ್ತಿಗೆ, ಜೊತೆಗೆ ಬಂದ ನೆರೆಯವರೋ ನೆಂಟರೋ ಗಾಡಿಯ ನಂಬರ್ ಪ್ಲೇಟಿನ ಒಂದು ಫೋಟೋ ತೆಗೆದು, ರೋಗಿಯ ಹೆಸರು ಬರೆದ ರಶೀದಿಯನ್ನು ಅಲ್ಲಿಯೇ ಕೇಳಿ ಪಡೆಯಲಿ. ನಗದುರಹಿತ ಚಿಕಿತ್ಸೆ ಬೇಕಿದ್ದರೆ ತುರ್ತು ದಾಖಲಾತಿಯಾದ ಕೂಡಲೇ ಕಂಪನಿಗೆ ತಿಳಿಸಿ. ಕ್ಲೇಮಿನಲ್ಲಿ ಕಡಿತ ಮಾಡಿದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ಲಿಖಿತವಾಗಿ ಕೇಳಿ. ಕಂಪನಿಯ ಉತ್ತರ ಸರಿಯಿಲ್ಲದಿದ್ದರೆ ಅಥವಾ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ವಿಮೆಯ ದೂರುಗಳನ್ನು ಬಗೆಹರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255. ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೂ 5 ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ಎರಡು ಸಾವಿರಕ್ಕಾಗಿ ಇಷ್ಟೆಲ್ಲ ಯಾಕೆ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಪ್ರೀಮಿಯಂ ಕಟ್ಟುವಾಗ ನಾವು ಎರಡು ಸಾವಿರ ಬಿಟ್ಟು ಕಟ್ಟಿರುವುದಿಲ್ಲ.

ರಶೀದಿಯ ಒಂದು ಮಾದರಿಯನ್ನು ಕನ್ನಡದಲ್ಲಿ ತಯಾರಿಸಿ ಈ ಪತ್ರದ ಜೊತೆಗೆ ಲಗತ್ತಿಸಿದ್ದೇನೆ. ತಿದ್ದುಪಡಿಗಳಿದ್ದರೆ ಆರೋಗ್ಯ ಇಲಾಖೆಯವರು ಸೂಚಿಸಲಿ. ಆಂಬುಲೆನ್ಸ್ ಮಾಲೀಕರು ಮತ್ತು ಚಾಲಕರ ಸಭೆಯನ್ನು ಮಳೆಗಾಲ ಶುರುವಾಗುವ ಮೊದಲು ತಾವು ಕರೆದರೆ, ಸದಸ್ಯರ ಒಪ್ಪಿಗೆ ಪಡೆದು ಅವರ ತಿರಸ್ಕೃತ ರಶೀದಿಗಳ ಪ್ರತಿಗಳನ್ನು, ಹೆಸರುಗಳನ್ನು ಮರೆಮಾಡಿ, ಆ ಸಭೆಗೆ ತರಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ತಾಲ್ಲೂಕಿನ ಸಹಕಾರ ಸಂಘವೊಂದರ ನೌಕರ